ಅಚ್ಚುಗಾರ ದುಂಬಿ

ಮಧ್ಯ ಯುರೋಪಿನ ಸ್ಪ್ರೂಸ್ ಕಾಡುಗಳಲ್ಲಿ ಒಂದು ಬಗೆಯ ದುಂಬಿ ವಾಸಿಸುತ್ತದೆ. ಅದರ ಉದ್ದ ನಾಲ್ಕರಿಂದ ಐದೂವರೆ ಮಿಲಿಮೀಟರು. ಹೆಚ್ಚೆಂದರೆ ಒಂದು ಅಕ್ಕಿಕಾಳಿನಷ್ಟು. ಬಣ್ಣ ಕಗ್ಗಂದು. ಬೆನ್ನಿನ ಹಿಂತುದಿ ಓರೆಯಾಗಿ ಕೊರೆದಂತಿದ್ದು, ಅದರ ಒಂದೊಂದು ಅಂಚಿನಲ್ಲಿಯೂ ನಾಲ್ಕು ನಾಲ್ಕು ಪುಟ್ಟ ಹಲ್ಲುಗಳಿವೆ. ಜರ್ಮನಿಯ ಜನ ಇದನ್ನು ‘ಬೂಖ್‌ಡ್ರುಕರ್’ ಎಂದು ಕರೆಯುತ್ತಾರೆ. ‘ಪುಸ್ತಕ ಅಚ್ಚುಮಾಡುವವನು’ ಎಂದು ಆ ಮಾತಿನ ಅರ್ಥ. ೧೭೫೮ರಲ್ಲಿ ಸ್ವೀಡನ್ ದೇಶದ ಲಿನೇಯಸ್ ಪಂಡಿತನು ಕೊಟ್ಟ ಶಾಸ್ತ್ರೀಯ ನಾಮವೂ ‘ಟೈಪೋಗ್ರಾಫಸ್’, ಅಂದರೆ ಮುದ್ರಕ ಎಂದೇ. ಈ ದುಂಬಿ ಹೊಕ್ಕ ಮರದ ತೊಗಟೆಯನ್ನು ಸುಲಿದು ಒಳಮೈಯನ್ನು ನೋಡಿದರೆ ಹೆಸರಿನ ಕಾರಣ ತಾನಾಗಿ ತಿಳಿಯುತ್ತದೆ. ನಡುವೆ ನೆಟ್ಟನೆಯ ಒಂದು ಗೆರೆ. ಅದರ ಎರಡು ಪಕ್ಕಗಳಿಂದಲೂ ಒತ್ತೊತ್ತಾಗಿ ಹೊರಟ ಸಣ್ಣ ಗೆರೆಗಳು. ಅಚ್ಚಾದ ಪುಟವೊಂದನ್ನು ಯಾರೋ ಬಿಚ್ಚಿಟ್ಟಂತೆ ತೋರುತ್ತದೆ.

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅಕ್ಷರಗಳ ನಡುವೆಯೇ ಇದ್ದ ನನಗೆ ಈ ಹೆಸರು ಹಿಡಿಸಿದುದು ಸಹಜವೇ. ಆದರೆ ಈ ಅಚ್ಚಿನ ಪುಟದಲ್ಲಿರುವುದು ಒಂದು ಮರದ ಮರಣದ ವೃತ್ತಾಂತ. ಅದನ್ನು ಓದಲು ಕಲಿತವರಿಗೆ ಒಂದು ಕಾಡು ಹೇಗೆ ಕಾಯಿಲೆ ಬೀಳುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದೂ ತಿಳಿಯುತ್ತದೆ.

ಸ್ಪ್ರೂಸ್ ಎಂಬುದು ಸೂಜಿಯಂತಹ ಎಲೆಗಳುಳ್ಳ, ಶಂಕುವಿನ ಆಕಾರದಲ್ಲಿ ಕಾಯಿಬಿಡುವ ಮರ. ಹಿಮಾಲಯದ ದೇವದಾರು ಇದರ ದೂರದ ಬಂಧು. ಇಂತಹ ಮರಗಳಿಗೆ ಒಂದು ಸ್ವಂತ ರಕ್ಷಣೆಯುಂಟು, ಅದೇ ರಾಳ. ದುಂಬಿಯು ತೊಗಟೆಯನ್ನು ಕೊರೆಯತೊಡಗಿದ ಕೂಡಲೆ ಗಾಯದ ಬಾಯಿಂದ ಅಂಟಾದ ರಾಳ ಒಸರಿ ಬಂದು ಅದನ್ನು ಹೊರಕ್ಕೆ ತಳ್ಳುತ್ತದೆ, ಇಲ್ಲವೆ ಅಲ್ಲಿಯೇ ಮುಳುಗಿಸಿ ಕೊಲ್ಲುತ್ತದೆ. ಆರೋಗ್ಯವಂತವಾದ ಮರದ ಮೇಲೆ ಹತ್ತಿಪ್ಪತ್ತು ದುಂಬಿಗಳ ಆಟ ನಡೆಯುವುದಿಲ್ಲ. ಆದುದರಿಂದ ಸಾಮಾನ್ಯ ವರ್ಷಗಳಲ್ಲಿ ಈ ಕೀಟವು ಗಾಳಿಗೆ ಉರುಳಿದ ಮರ, ಹಿಮದ ಭಾರಕ್ಕೆ ಮುರಿದ ಮರ, ಮುಪ್ಪಿನಿಂದ ಸೊರಗಿದ ಮರ ಇವುಗಳಲ್ಲಿಯೇ ಬಾಳು ನಡೆಸುತ್ತದೆ. ಸತ್ತ ಮರ ಮಣ್ಣಾಗುವ ಕೆಲಸಕ್ಕೆ ಮೊದಲು ಕೈಹಾಕುವ ಕಾರ್ಮಿಕರಲ್ಲಿ ಅದೂ ಒಂದು.

ಬೇಸಗೆ ಮೊದಲಾಗಿ ಗಾಳಿ ಬೆಚ್ಚಗಾದಾಗ ದುಂಬಿಗಳು ಹಾರಲು ತೊಡಗುತ್ತವೆ. ಮೊದಲು ಗಂಡುದುಂಬಿ ಒಂದು ಮರವನ್ನು ಆರಿಸಿಕೊಂಡು ತೊಗಟೆಯ ಅಡಿಯಲ್ಲಿ ಒಂದು ಚಿಕ್ಕ ಕೋಣೆಯನ್ನು ಕೊರೆಯುತ್ತದೆ. ಅಲ್ಲಿಂದ ಅದು ಹೊರಬಿಡುವ ವಾಸನೆಯು ಸುತ್ತಲಿನ ದುಂಬಿಗಳಿಗೆಲ್ಲ ಕರೆಯೋಲೆಯಾಗುತ್ತದೆ. ವಿಜ್ಞಾನಿಗಳು ಈ ವಾಸನೆಯ ದ್ರವ್ಯವನ್ನು ಫೆರೊಮೋನ್ ಎನ್ನುತ್ತಾರೆ. ಸೋಜಿಗವೆಂದರೆ, ಮರದ ರಾಳದಲ್ಲಿರುವ ಪದಾರ್ಥಗಳಿಂದಲೇ ಅದರ ಒಂದು ಅಂಶ ತಯಾರಾಗುತ್ತದೆ. ಮರದ ಆಯುಧವೇ ಶತ್ರುವಿನ ಕಹಳೆಯಾಗುತ್ತದೆ. ಎರಡೋ ಮೂರೋ ಹೆಣ್ಣುದುಂಬಿಗಳು ಬಂದು ಕೋಣೆಯನ್ನು ಸೇರುತ್ತವೆ. ಒಂದೊಂದೂ ಕಾಂಡದ ಉದ್ದಕ್ಕೆ ಒಂದು ಸುರಂಗವನ್ನು ಕೊರೆದು, ಅದರ ಎರಡು ಪಕ್ಕಗಳಲ್ಲಿಯೂ ಸಾಲಾಗಿ ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯೊಡೆದ ಮರಿಹುಳುಗಳು ಒಳತೊಗಟೆಯನ್ನು ತಿನ್ನುತ್ತ ಅಡ್ಡಲಾಗಿ ಸಾಗುತ್ತವೆ. ನಾವು ಕಂಡ ಅಚ್ಚಿನ ಗೆರೆಗಳು ಇವೇ. ಎಲೆಗಳಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯುವುದು ಈ ಒಳತೊಗಟೆಯ ಮೂಲಕ. ಸುತ್ತಲೂ ಅದು ತುಂಡಾದರೆ ಬೇರು ಉಪವಾಸ ಬೀಳುತ್ತದೆ. ದುಂಬಿಯ ಮೈಗಂಟಿ ಬಂದ ಒಂದು ಬಗೆಯ ನೀಲಿ ಶಿಲೀಂಧ್ರವು ಮರದೊಳಗೆ ಬೆಳೆದು ನೀರೇರುವ ದಾರಿಯನ್ನೂ ಕಟ್ಟಿಬಿಡುತ್ತದೆ. ಹಸುರಾದ ಎಲೆಗಳು ಕೆಂಪಾಗಿ ಉದುರುತ್ತವೆ. ಆ ವೇಳೆಗೆ ಹೊಸ ಪೀಳಿಗೆ ರೆಕ್ಕೆ ಬಲಿತು ಮುಂದಿನ ಮರಕ್ಕೆ ಹೊರಟುಹೋಗಿರುತ್ತದೆ. ಇಷ್ಟೆಲ್ಲಕ್ಕೂ ಬೇಕಾದುದು ಆರರಿಂದ ಹತ್ತು ವಾರಗಳು ಮಾತ್ರ. ತಂಪಾದ ವರ್ಷದಲ್ಲಿ ಒಂದೇ ಪೀಳಿಗೆ ಬೆಳೆದರೆ, ಬಿಸಿಲು ಹೆಚ್ಚಿದ ವರ್ಷದಲ್ಲಿ ಮೂರು ಪೀಳಿಗೆಗಳವರೆಗೂ ಬೆಳೆಯಬಹುದು. ಆಗ ಒಂದು ಹೆಣ್ಣುದುಂಬಿಯ ಸಂತಾನ ಸಾವಿರಗಟ್ಟಲೆಯಾಗುತ್ತದೆ. ನೂರಾರು ದುಂಬಿಗಳು ಒಟ್ಟಿಗೆ ಮುತ್ತಿದರೆ ಗಟ್ಟಿಮುಟ್ಟಾದ ಮರದ ರಾಳವೂ ಸಾಲದೆಹೋಗುತ್ತದೆ.

ಹಾಗಾದರೆ ಈ ದುಂಬಿಗೆ ಅಷ್ಟು ಬಲವನ್ನು ಕೊಡುವವರು ಯಾರು? ಗಾಳಿ, ಬರಗಾಲ, ಮನುಷ್ಯ, ಈ ಮೂವರನ್ನೂ ಹೆಸರಿಸಬೇಕಾಗುತ್ತದೆ. ಜರ್ಮನಿಯ ಬಯಲುಗಳಲ್ಲಿಯೂ ತಗ್ಗಿನ ಬೆಟ್ಟಗಳಲ್ಲಿಯೂ ಸಹಜವಾಗಿ ಬೆಳೆಯತಕ್ಕವು ಬೀಚ್, ಓಕ್ ಮೊದಲಾದ ಅಗಲವಾದ ಎಲೆಯ ಮರಗಳು. ಸ್ಪ್ರೂಸ್ ಚಳಿಯ ನಾಡಿನ ಮರ, ಎತ್ತರದ ಪರ್ವತಗಳ ಮರ. ಆದರೆ ಗಣಿಗಳಿಗೂ ಕುಲುಮೆಗಳಿಗೂ ಸೌದೆ ಒದಗಿಸಿ ಒದಗಿಸಿ ಹದಿನೆಂಟನೆಯ ಶತಮಾನದ ಹೊತ್ತಿಗೆ ಅಲ್ಲಿಯ ಕಾಡುಗಳು ಬರಿದಾಗುತ್ತ ಬಂದಿದ್ದುವು. ಸ್ಯಾಕ್ಸನಿ ಪ್ರಾಂತದ ಗಣಿ ಅಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ೧೭೧೩ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿ, ಬೆಳೆಯುವಷ್ಟನ್ನು ಮಾತ್ರ ಕಡಿಯಬೇಕು, ಕಡಿದುದಕ್ಕೆ ಬದಲು ನೆಡಬೇಕು ಎಂದು ವಾದಿಸಿದನು. ವಿವೇಕದ ಮಾತೇ. ಆದರೆ ನೆಡುವ ಸಮಯ ಬಂದಾಗ ಜನ ಬೇಗನೆ ಬೆಳೆಯುವ, ನೆಟ್ಟಗೆ ಏಳುವ, ಒಳ್ಳೆಯ ಬೆಲೆ ತರುವ ಸ್ಪ್ರೂಸನ್ನೇ ಎಲ್ಲೆಲ್ಲಿಯೂ ನೆಟ್ಟರು. ಎರಡನೆಯ ಮಹಾಯುದ್ಧದ ತರುವಾಯವೂ ಬರಿದಾದ ನೆಲದಲ್ಲಿ ನೆಟ್ಟುದು ಬಹುಮಟ್ಟಿಗೆ ಅದನ್ನೇ. ಒಂದೇ ಜಾತಿ, ಒಂದೇ ವಯಸ್ಸು, ಸೈನಿಕರಂತೆ ಸಾಲು ಸಾಲು. ಸ್ಪ್ರೂಸಿನ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ಬಿರುಗಾಳಿಗೂ ಬರಕ್ಕೂ ಅದು ಬೇಗ ಸೋಲುತ್ತದೆ. ಹೀಗೆ ಸೋತ ಒಂದೇ ಜಾತಿಯ ಮರಗಳು ಮೈಲಿಗಟ್ಟಲೆ ನಿಂತಿದ್ದರೆ ದುಂಬಿಗೆ ಅದಕ್ಕಿಂತ ದೊಡ್ಡ ಔತಣ ಬೇಕೆ?

ಈ ಅರಣ್ಯಶಾಸ್ತ್ರಕ್ಕೂ ನಮಗೂ ಸಂಬಂಧವಿಲ್ಲದಿಲ್ಲ. ೧೮೬೪ರಲ್ಲಿ ಭಾರತದ ಅರಣ್ಯಗಳಿಗೆ ಮೊತ್ತಮೊದಲ ಇನ್‌ಸ್ಪೆಕ್ಟರ್ ಜನರಲ್ ಆಗಿ ನೇಮಕಗೊಂಡ ಡೀಟ್ರಿಕ್ ಬ್ರಾಂಡಿಸ್ ಜರ್ಮನಿಯ ಬಾನ್ ನಗರದವನು. ನಮ್ಮ ಅರಣ್ಯ ಇಲಾಖೆಯ ಮೊದಲ ಪಾಠಗಳಲ್ಲಿ ಹಲವು ಆ ದೇಶದಿಂದಲೇ ಬಂದುವು.

ದುಂಬಿಯ ಹಾವಳಿಗೆ ಅಲ್ಲಿಯ ಅರಣ್ಯಪಾಲರು ಬಹುಕಾಲದಿಂದ ಪಾಲಿಸಿಕೊಂಡು ಬಂದ ಚಿಕಿತ್ಸೆಯನ್ನು ಇಲ್ಲಿ ಹೇಳಬೇಕು. ಬೇಸಗೆಯ ತಿಂಗಳುಗಳಲ್ಲಿ ಅವರು ಕಾಡನ್ನು ಮತ್ತೆ ಮತ್ತೆ ಸುತ್ತಿ ಮರಗಳ ಬುಡವನ್ನು ಪರೀಕ್ಷಿಸುತ್ತಾರೆ. ತೊಗಟೆಯ ಸಂದುಗಳಲ್ಲಿ, ಬುಡದ ಜೇಡರಬಲೆಗಳಲ್ಲಿ ಕಾಫಿಪುಡಿಯಂತಹ ಕಂದುಹುಡಿ ಕಂಡರೆ ಒಳಗೆ ದುಂಬಿ ಸೇರಿದೆಯೆಂದು ಅರ್ಥ. ಎಲೆ ಕೆಂಪಾಗುವವರೆಗೆ ಕಾದರೆ ಕೆಲಸ ಕೆಟ್ಟಂತೆ. ಮರ ಇನ್ನೂ ಹಸುರಾಗಿರುವಾಗಲೇ ಗುರುತಿಸಬೇಕು. ಹಾಗೆ ಗುರುತಿಸಿದ ಮರವನ್ನು ಕಡಿದು ಕಾಡಿನಿಂದ ಹೊರಕ್ಕೆ ಸಾಗಿಸುತ್ತಾರೆ, ಇಲ್ಲವೆ ಅಲ್ಲಿಯೇ ತೊಗಟೆಯನ್ನು ಸುಲಿದುಹಾಕುತ್ತಾರೆ. ತೊಗಟೆ ಹೋದರೆ ಎಳೆಯ ಮರಿಹುಳುಗಳು ಒಣಗಿ ಸಾಯುತ್ತವೆ. ದುಂಬಿ ಬಲಿತ ಮೇಲೆ ಸುಲಿದರೆ ಪ್ರಯೋಜನವಿಲ್ಲ, ಹಾರಿಹೋಗುತ್ತದೆ. ಫೆರೊಮೋನ್ ಇಟ್ಟ ಬೋನುಗಳನ್ನೂ ಕಟ್ಟುತ್ತಾರೆ. ದುಂಬಿಗಳು ಯಾವಾಗ ಹಾರುತ್ತಿವೆ, ಎಷ್ಟು ಹಾರುತ್ತಿವೆ ಎಂಬುದನ್ನು ತಿಳಿಯಲು ಅವು ಉಪಯುಕ್ತ. ಹಾವಳಿ ಮಿತಿಮೀರಿದ ಮೇಲೆ ಬೋನೊಂದರಿಂದಲೇ ಕಾಡು ಉಳಿಯುವುದಿಲ್ಲ. ಬಿರುಗಾಳಿಗೆ ಬಿದ್ದ ಮರಗಳನ್ನು ಮುಂದಿನ ಹಾರಾಟಕ್ಕೆ ಮೊದಲೇ ಎತ್ತಿಬಿಡಬೇಕೆಂಬುದು ಈ ಚಿಕಿತ್ಸೆಯ ಮೂಲಸೂತ್ರ.

ಈ ಸೂತ್ರವನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟ ಒಂದು ಕಾಡು ಜರ್ಮನಿಯಲ್ಲಿಯೇ ಇದೆ. ಚೆಕ್ ದೇಶದ ಗಡಿಗೆ ಹೊಂದಿಕೊಂಡಿರುವ ಬವೇರಿಯ ಅರಣ್ಯ ರಾಷ್ಟ್ರೀಯ ಉದ್ಯಾನ ಅದು. ೧೯೭೦ರಲ್ಲಿ ಆರಂಭವಾದ ಇದು ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನ. ಹಾನ್ಸ್ ಬಿಬೆಲ್‌ರೀಟರ್ ಎಂಬ ಅರಣ್ಯತಜ್ಞರು ಅದರ ಮೊದಲ ಮುಖ್ಯಸ್ಥರು. ೧೯೮೩ರ ಆಗಸ್ಟ್ ಒಂದರಂದು ಬೀಸಿದ ಬಿರುಗಾಳಿಗೆ ಅಲ್ಲಿ ಅಸಂಖ್ಯ ಮರಗಳು ಉರುಳಿದುವು. ಎತ್ತುವುದೋ ಬಿಡುವುದೋ ಎಂಬ ಪ್ರಶ್ನೆ ಎದ್ದಿತು. ಬವೇರಿಯದ ಅಂದಿನ ಅರಣ್ಯ ಸಚಿವರಾದ ಹಾನ್ಸ್ ಐಸೆನ್‌ಮಾನ್, ಉದ್ಯಾನದ ಒಳಭಾಗದಲ್ಲಿ ಬಿದ್ದ ಮರಗಳನ್ನು ಮುಟ್ಟಕೂಡದೆಂದು ತೀರ್ಮಾನಿಸಿದರು. ಮಕ್ಕಳಿಗಾಗಿ, ಮೊಮ್ಮಕ್ಕಳಿಗಾಗಿ ಒಂದು ಆದಿಮ ಅರಣ್ಯ ಬೆಳೆಯಲಿ ಎಂಬುದು ಅವರ ಆಶಯವಾಗಿತ್ತು.

ಬಿದ್ದ ಮರಗಳಲ್ಲಿ ದುಂಬಿ ಬೆಳೆಯಿತು. ಅಲ್ಲಿಂದ ನಿಂತ ಮರಗಳಿಗೆ ಹಾರಿತು. ತೊಂಬತ್ತರ ದಶಕದ ಬೆಚ್ಚನೆಯ ಬೇಸಗೆಗಳು ಅದಕ್ಕೆ ನೆರವಾದುವು. ರಾಖೆಲ್, ಲೂಸೆನ್ ಎಂಬ ಶಿಖರಗಳ ಮೇಲಣ ಇಳಿಜಾರುಗಳಲ್ಲಿ ಬೆಟ್ಟಕ್ಕೆ ಬೆಟ್ಟವೇ ಕೆಂಪಾಗಿ, ಬಳಿಕ ಬೂದಿಯ ಬಣ್ಣಕ್ಕೆ ತಿರುಗಿತು. ಎರಡು ದಶಕಗಳಲ್ಲಿ ಐದು ಸಾವಿರ ಹೆಕ್ಟೇರಿಗೂ ಮಿಕ್ಕಿದ ಸ್ಪ್ರೂಸ್ ಕಾಡು ಸತ್ತಿತು. ಸುತ್ತಲ ಹಳ್ಳಿಗಳ ಜನರು ಕೆರಳಿದರು. ಸಂಘ ಕಟ್ಟಿ ಪ್ರತಿಭಟಿಸಿದರು. ಅವರ ಕೋಪವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಕಾಡು ಅವರಿಗೆ ಅನ್ನ ಕೊಟ್ಟಿತ್ತು. ತಾತ ಮುತ್ತಾತಂದಿರು ಚಳಿಯಲ್ಲಿ ಮರ ಕಡಿದು, ಜಾರುಬಂಡಿಯಲ್ಲಿ ಇಳಿಸಿ ಬಾಳಿದ ನೆಲ ಅದು. ಉದ್ಯಾನದ ಪಕ್ಕದಲ್ಲಿಯೇ ಅವರ ಸ್ವಂತ ಮರಗಳೂ ಇದ್ದುವು. ಕೈಲಿ ಕೊಡಲಿಯಿರುವಾಗ ಕಾಡು ಕಣ್ಣೆದುರಿಗೆ ಸಾಯುವುದನ್ನು ನೋಡುತ್ತ ಕೂರಿರಿ ಎಂದರೆ ಯಾರ ಮನಸ್ಸು ಒಪ್ಪೀತು?

೨೦೧೯ರ ಬೇಸಗೆಯಲ್ಲಿ ಮ್ಯೂನಿಕ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ನನಗೆ ಈ ಕಾಡನ್ನು ನೋಡುವ ಅವಕಾಶ ದೊರೆಯಿತು. ಲೂಸೆನ್ ಶಿಖರದ ಎತ್ತರ ೧೩೭೩ ಮೀಟರು. ತಪ್ಪಲಿನ ಹಳ್ಳಿಯಿಂದ ಹೊರಟ ದಾರಿ ಮೊದಲು ಬೀಚ್, ಫರ್, ಸ್ಪ್ರೂಸ್ ಮೂರೂ ಬೆರೆತ ಕಾಡಿನಲ್ಲಿ ಸಾಗುತ್ತದೆ. ಅಲ್ಲಿ ಸಾವಿನ ಗುರುತು ಕಡಮೆ. ಮೇಲೇರಿದಂತೆ ಬೀಚ್ ಮರೆಯಾಗುತ್ತದೆ; ಚಳಿ ಹೆಚ್ಚಿರುವ ಆ ಎತ್ತರದಲ್ಲಿ ಸ್ಪ್ರೂಸ್ ಸಹಜವಾಗಿಯೇ ಏಕಚ್ಛತ್ರವಾಗಿ ಆಳುತ್ತದೆ. ದುಂಬಿ ಹಿಂದೆ ಹೊಕ್ಕಿದ್ದುದು ಇಲ್ಲಿಯೇ. ತೊಗಟೆ ಕಳಚಿ ಬೆಳ್ಳಿಯಂತೆ ಬೆಳ್ಳಗಾದ ಬೋಳು ಕಾಂಡಗಳು ಅಲ್ಲೊಂದು ಇಲ್ಲೊಂದು ಇನ್ನೂ ನಿಂತಿದ್ದುವು. ಎಷ್ಟೋ ಮುರಿದು ಅಡ್ಡಾದಿಡ್ಡಿಯಾಗಿ ಬಿದ್ದಿದ್ದುವು. ಅವುಗಳ ನಡುವೆ ನನ್ನ ಎದೆಯುದ್ದದ, ಆಳೆತ್ತರದ, ಅದಕ್ಕೂ ಮೀರಿದ ಎಳೆಯ ಸ್ಪ್ರೂಸುಗಳು ಗುಂಪುಗುಂಪಾಗಿ ಎದ್ದಿದ್ದುವು. ಜೊತೆಗೆ ಕೆಂಪು ಹಣ್ಣಿನ ಗೊಂಚಲು ಬಿಡುವ ರೋವನ್ ಗಿಡಗಳು. ಯಾರೂ ನೆಟ್ಟುವಲ್ಲ. ಸಾಯುವ ಮೊದಲು ಹಳೆಯ ಮರಗಳು ಉದುರಿಸಿದ ಬೀಜಗಳಿಂದಲೂ, ಅವುಗಳ ನೆರಳಿನಲ್ಲಿ ಅದಾಗಲೇ ಕಾದು ನಿಂತಿದ್ದ ಸಸಿಗಳಿಂದಲೂ ಬೆಳೆದುವು ಅವು.

ಬಿದ್ದು ಕೊಳೆಯುತ್ತಿದ್ದ ಒಂದು ಹಳೆಯ ದಿಮ್ಮಿಯನ್ನು ಮಗಳು ತೋರಿಸಿದಳು. ಹಾವಸೆ ಕಟ್ಟಿದ ಅದರ ಬೆನ್ನಿನ ಮೇಲೆ ಬೆರಳುದ್ದದ ಸ್ಪ್ರೂಸ್ ಸಸಿಗಳು ಸಾಲಾಗಿ ನಿಂತಿದ್ದುವು. ಕೆಳಗೆ ಹುಲ್ಲು ದಟ್ಟವಾಗಿ ಬೆಳೆದು ಸಸಿಯನ್ನು ಉಸಿರುಗಟ್ಟಿಸುತ್ತದೆ. ದಿಮ್ಮಿಯ ಮೇಲಾದರೆ ತೇವವೂ ಇದೆ, ಬೆಳಕೂ ಇದೆ. ಬಿದ್ದ ಮರವನ್ನು ಎತ್ತಿಬಿಟ್ಟಿದ್ದರೆ ಈ ತೊಟ್ಟಿಲು ಇರುತ್ತಿರಲಿಲ್ಲ. ಸತ್ತ ಮರವನ್ನೇ ಆಶ್ರಯಿಸಿದ ಅಪರೂಪದ ಅಣಬೆಗಳು, ಕೀಟಗಳು, ಮೂರು ಬೆರಳಿನ ಮರಕುಟಿಕ ಮೊದಲಾದುವು ಈ ಕಾಡಿನಲ್ಲಿ ಹೆಚ್ಚಿವೆಯೆಂದು ವಿಜ್ಞಾನಿಗಳು ದಾಖಲಿಸಿದ್ದಾರೆ. ದುಂಬಿಯ ಮರಿಹುಳುಗಳನ್ನು ತಿನ್ನುವ ವೈದ್ಯರೂ ಈ ಮರಕುಟಿಕಗಳೇ. ಇನ್ನೊಂದು ಸಂಗತಿಯನ್ನೂ ಇಲ್ಲಿ ನೆನೆಯಬೇಕು: ಒಣಗಿದ ಮರದಲ್ಲಿ ಅಚ್ಚುಗಾರ ದುಂಬಿ ಇರುವುದಿಲ್ಲ. ಅದಕ್ಕೆ ಬೇಕಾದುದು ಹಸಿಯಾದ ಒಳತೊಗಟೆ. ಬೂದಿ ಬಣ್ಣದ ಬೋಳುಮರ ಕಣ್ಣಿಗೆ ಎಷ್ಟೇ ಭಯಂಕರವಾಗಿರಲಿ, ನೆರೆಯ ಮರಕ್ಕೆ ಅದರಿಂದ ಅಪಾಯವಿಲ್ಲ.

ಇದನ್ನೆಲ್ಲ ಕಂಡು, ಕಾಡನ್ನು ಅದರ ಪಾಡಿಗೆ ಬಿಟ್ಟರೆ ಸಾಕು, ಎಲ್ಲವೂ ಸರಿಹೋಗುತ್ತದೆ ಎಂದು ಹೇಳಿಬಿಡಲು ಮನಸ್ಸು ಬರುತ್ತದೆ. ಆದರೆ ಆ ಉದ್ಯಾನದವರೇ ಹಾಗೆ ಹೇಳುವುದಿಲ್ಲ. ಉದ್ಯಾನದ ಅಂಚಿನಲ್ಲಿ, ಖಾಸಗಿ ಕಾಡುಗಳಿಗೆ ಹೊಂದಿಕೊಂಡಂತೆ, ಕನಿಷ್ಠ ೫೦೦ ಮೀಟರ್ ಅಗಲದ ಒಂದು ಪಟ್ಟಿಯನ್ನು ಅವರು ಕಾಯುತ್ತಾರೆ. ಅಲ್ಲಿ ಹಳೆಯ ಚಿಕಿತ್ಸೆಯೇ ನಡೆಯುತ್ತದೆ: ಹುಡುಕುವುದು, ಕಡಿಯುವುದು, ಸುಲಿಯುವುದು, ಸಾಗಿಸುವುದು. ನೆರೆಯ ರೈತನ ಮರಗಳು ಅವನ ಮನೆಯ ಉಳಿತಾಯ; ತನ್ನ ತತ್ತ್ವಕ್ಕಾಗಿ ಅವನ ಗಂಟನ್ನು ಕಳೆಯುವ ಹಕ್ಕು ಉದ್ಯಾನಕ್ಕಿಲ್ಲ. ಒಳಗೆ ತಾಳ್ಮೆ, ಅಂಚಿನಲ್ಲಿ ಎಚ್ಚರ. ಎರಡೂ ಕೂಡಿದುದರಿಂದಲೇ ಆ ಪ್ರಯೋಗ ನಿಂತಿತು. ಜನರ ಕೋಪವೂ ಕಾಲಕ್ರಮದಲ್ಲಿ ಇಳಿಯಿತು. ಕಾಡನ್ನು ಕಂಡುಬರಲು ಈಗ ದೂರದೂರದಿಂದ ಜನ ಬರುತ್ತಾರೆ. ೨೦೦೯ರಲ್ಲಿ ಮರಗಳ ನೆತ್ತಿಯ ಮಟ್ಟದಲ್ಲಿ ನಡೆದುಹೋಗಲು ಒಂದು ಸೇತುಮಾರ್ಗವೂ ಅಲ್ಲಿ ಸಿದ್ಧವಾಯಿತು.

ಅದೂ ಅಲ್ಲದೆ, ಎತ್ತರದ ಬೆಟ್ಟದಲ್ಲಿ ಸ್ಪ್ರೂಸ್ ತನ್ನ ಮನೆಯಲ್ಲಿದೆ. ಸತ್ತರೂ ಮತ್ತೆ ಏಳಬಲ್ಲದು. ಮನುಷ್ಯನು ತಂದು ನೆಟ್ಟ ತಗ್ಗಿನ ನೆಲದಲ್ಲಿ ಅದು ಪರದೇಶಿ. ೨೦೧೮ರಿಂದ ಮೂರು ವರ್ಷ ಜರ್ಮನಿಯನ್ನು ಬಾಧಿಸಿದ ಬರಗಾಲ ಈ ಭೇದವನ್ನು ನಿಷ್ಠುರವಾಗಿ ತೋರಿಸಿತು. ನೀರಿಲ್ಲದೆ ರಾಳ ಬತ್ತಿದ ಮರಗಳನ್ನು ದುಂಬಿಗಳು ಮುತ್ತಿದುವು. ಗಣಿಗಳಿಗಾಗಿ ಸ್ಪ್ರೂಸ್ ನೆಟ್ಟಿದ್ದ ಹಾರ್ಟ್ಸ್ ಪರ್ವತಸೀಮೆಯ ಇಳಿಜಾರುಗಳು ನೋಡನೋಡುತ್ತಿದ್ದಂತೆ ಬೋಳಾದುವು. ಬರ, ಬಿರುಗಾಳಿ, ದುಂಬಿ ಇವೆಲ್ಲ ಸೇರಿ ೨೦೧೮ರಿಂದ ೨೦೨೧ರ ಏಪ್ರಿಲ್‌ವರೆಗೆ ಆ ದೇಶದಲ್ಲಿ ಸುಮಾರು ಐದು ಲಕ್ಷ ಹೆಕ್ಟೇರು ಕಾಡು ನಾಶವಾಯಿತೆಂದು ಉಪಗ್ರಹ ಚಿತ್ರಗಳಿಂದ ಲೆಕ್ಕಹಾಕಿದರು. ೨೦೧೨ರ ಅರಣ್ಯಗಣತಿಯಲ್ಲಿ ಕಾಡಿನ ನಾಲ್ಕರಲ್ಲೊಂದು ಭಾಗವಾಗಿದ್ದ ಸ್ಪ್ರೂಸ್, ೨೦೨೨ರ ಗಣತಿಯ ಹೊತ್ತಿಗೆ ನೂರಕ್ಕೆ ಇಪ್ಪತ್ತೊಂದರಷ್ಟಕ್ಕೆ ಇಳಿದಿತ್ತು. ಭೂಮಿ ಬಿಸಿಯಾಗುತ್ತಿರುವ ಈ ಕಾಲದಲ್ಲಿ ದುಂಬಿಗೆ ಹೆಚ್ಚಿನ ಪೀಳಿಗೆಗಳು, ಮರಕ್ಕೆ ಕಡಮೆ ನೀರು. ಹೀಗೆ ತಕ್ಕಡಿ ಒಂದೇ ಕಡೆಗೆ ವಾಲುತ್ತಿದೆ.

ಆದುದರಿಂದ ಕಾಡಿನ ಆರೋಗ್ಯವೆಂದರೆ ದುಂಬಿಯಿಲ್ಲದಿರುವುದು ಎಂದು ಈಗ ಯಾರೂ ತಿಳಿಯುವುದಿಲ್ಲ. ದುಂಬಿಯಿದ್ದರೂ ಬಾಳಬಲ್ಲ ಕಾಡು ಬೇಕು. ಅದಕ್ಕಾಗಿ ಅಲ್ಲಿಯ ಅರಣ್ಯಪಾಲರು ಉಳಿದ ಸ್ಪ್ರೂಸುಗಳ ನೆರಳಿನಲ್ಲಿ ಬೀಚ್, ಫರ್ ಮುಂತಾದ ಸಸಿಗಳನ್ನು ನೆಡುತ್ತಿದ್ದಾರೆ. ಒಂದು ಜಾತಿಗೆ ಕೇಡು ಬಂದರೂ ಇನ್ನೊಂದು ನಿಲ್ಲುತ್ತದೆ. ಆಳವಾದ ಬೇರಿನ ಮರ ಬಿರುಗಾಳಿಯನ್ನು ತಡೆಯುತ್ತದೆ. ನಡುವೆ ಬೇರೆ ಜಾತಿಯ ಮರಗಳಿರುವಲ್ಲಿ ದುಂಬಿಗೆ ತನ್ನ ಮರವನ್ನು ಹುಡುಕುವುದೂ ಕಷ್ಟ. ಇಷ್ಟರಿಂದಲೇ ಕೆಲಸ ಮುಗಿಯದು. ಫರ್ ಸಸಿಯ ಚಿಗುರು ಜಿಂಕೆಗೆ ಬಲು ಇಷ್ಟ. ಜಿಂಕೆಗಳ ಸಂಖ್ಯೆ ಮಿತಿಯಲ್ಲಿರದಿದ್ದರೆ ನೆಟ್ಟುದೆಲ್ಲ ಮೇವಾಗಿಹೋಗುತ್ತದೆ. ಒಂದು ದುಂಬಿಯ ಬೆನ್ನುಹತ್ತಿ ಹೊರಟವರು ಗಾಳಿ, ನೀರು, ಮಣ್ಣು, ಜಿಂಕೆ, ಮರಕುಟಿಕ ಎಲ್ಲವನ್ನೂ ವಿಚಾರಿಸಿಕೊಳ್ಳಬೇಕಾಗುತ್ತದೆ.

ಕೊಡಗು, ಚಿಕ್ಕಮಗಳೂರುಗಳ ಕಾಫಿ ಬೆಳೆಗಾರರಿಗೆ ಈ ಮಾತು ಹೊಸದಾಗಿ ಕೇಳಿಸಲಾರದು. ಅರೇಬಿಕಾ ಕಾಫಿಯನ್ನು ಕಾಡುವ ಬಿಳಿ ಕಾಂಡಕೊರಕವೂ ಒಂದು ದುಂಬಿಯ ಮರಿಯೇ. ಅದು ಬಿಸಿಲು ಬೀಳುವ ಗಿಡವನ್ನೇ ಹುಡುಕಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ರೋಗ ಹಿಡಿದ ಗಿಡವನ್ನು ಕಿತ್ತು ಸುಡುವುದು, ಕಾಂಡವನ್ನು ಉಜ್ಜಿ ಸಡಿಲವಾದ ತೊಗಟೆಯನ್ನು ತೆಗೆಯುವುದು ಅವರಿಗೂ ಗೊತ್ತು. ಅದಕ್ಕಿಂತ ಮಿಗಿಲಾಗಿ, ತೋಟದ ನೆರಳಿನ ಮರಗಳನ್ನು ಕಾಪಾಡಿಕೊಂಡವರಿಗೆ ಈ ಪೀಡೆ ಕಡಮೆ ಎಂಬುದೂ ಗೊತ್ತು. ದೇಶ ಬೇರೆ, ಗಿಡ ಬೇರೆ, ಕೀಟ ಬೇರೆ; ಆದರೂ ಕೀಟವು ಬಲಗುಂದಿದ ಕಡೆಯನ್ನೇ ಹುಡುಕಿ ಬರುತ್ತದೆಂಬ ಅನುಭವ ಒಂದೇ.

ಲೂಸೆನ್ನಿನಿಂದ ಇಳಿಯುವಾಗ ದಾರಿಯಲ್ಲಿ ಬಿದ್ದಿದ್ದ ಒಂದು ತೊಗಟೆಯ ಚೂರನ್ನು ಕೈಗೆತ್ತಿಕೊಂಡು ನೋಡಿದೆ. ಅಚ್ಚು ಸ್ಪಷ್ಟವಾಗಿತ್ತು, ತಾಯಿಯ ಗೆರೆ, ಮಕ್ಕಳ ಗೆರೆಗಳು, ಗೆರೆ ಮುಗಿದಲ್ಲಿ ರೆಕ್ಕೆ ಬಂದು ಹಾರಿಹೋದ ತೂತು. ರಾಷ್ಟ್ರೀಯ ಉದ್ಯಾನದ ವಸ್ತು ಅಲ್ಲಿಯೇ ಇರತಕ್ಕುದಾದ್ದರಿಂದ ಅದನ್ನು ಮತ್ತೆ ಎಳೆಯ ಸಸಿಯೊಂದರ ಬುಡದಲ್ಲಿಟ್ಟೆ. ಕೆಲವು ಮಳೆಗಾಲಗಳಲ್ಲಿ ಅದು ಕರಗಿ ಸಸಿಯ ಬೇರಿಗೆ ಸೇರಿರಬೇಕು.

ಒಂದು ಬೀಚ್ ಮರ ಬಲಿಯಲು ನೂರಕ್ಕೂ ಹೆಚ್ಚು ವರ್ಷ ಬೇಕು. ಇಂದು ತಗ್ಗಿನ ಕಾಡುಗಳಲ್ಲಿ ಸಸಿ ನೆಡುತ್ತಿರುವ ಯಾವ ಅರಣ್ಯಪಾಲನೂ ಅದರ ತುಂಬುನೆರಳಿನಲ್ಲಿ ನಿಲ್ಲಲಾರನು. ತಾನು ಮಾಡಿದ ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂಬುದು ಅವನಿಗೆ ತಿಳಿಯಲಾರದು. ಇನ್ನೂರು ವರ್ಷಗಳ ಹಿಂದೆ ಸ್ಪ್ರೂಸ್ ನೆಟ್ಟವರಿಗೂ ತಿಳಿದಿರಲಿಲ್ಲ. ಅವರು ಒಂದೇ ಮರವನ್ನು ನಂಬಿದರು. ಇವರು ಹಲವು ಮರಗಳನ್ನು ನಂಬಿದ್ದಾರೆ. ಉತ್ತರವನ್ನು ಓದುವವರು ಈಗಿನ್ನೂ ಶಾಲೆಯಲ್ಲಿರುವ ಮಕ್ಕಳು, ಅವರ ಮಕ್ಕಳು, ಮೊಮ್ಮಕ್ಕಳು.